ವಿದೇಶದಲ್ಲಿ ಸಂಶೋಧನೆ: ಧನಸಹಾಯ ಹುಡುಕುವ ಬಗೆ

ವಿದೇಶಕ್ಕೆ ಹೋಗಿ ಸಂಶೋಧನೆ ನಡೆಸಬೇಕೆನ್ನುವವರಲ್ಲಿ ಹೆಚ್ಚಿನವರು ಫೆಲೋಶಿಪ್‌ಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಹುಡುಕಾಟ ಆರಂಭಿಸುತ್ತಾರೆ. ಪಟ್ಟಿ ಬೇಕಾಗುವುದು ಕೊನೆಗೆ. ನಮ್ಮ ಕೆಲಸಕ್ಕೆ ಬೇಕಾದ ಸಾಮಗ್ರಿ ಯಾವ ಊರಿನಲ್ಲಿದೆ, ಅದನ್ನು ಬಲ್ಲವರು ಯಾರು ಎಂಬುದು ಮೊದಲು ಗೊತ್ತಾಗಬೇಕು. ಅದು ಗೊತ್ತಾದ ಮೇಲೆ ಯಾವ ದೇಶದ ಹಣಕ್ಕೆ ಅರ್ಜಿ ಹಾಕಬೇಕೆಂಬುದು ತಾನಾಗಿಯೇ ತೀರ್ಮಾನವಾಗುತ್ತದೆ. ವಿಜ್ಞಾನದವರಿಗೆ ಈ ದಾರಿಯನ್ನು ಅವರ ಪ್ರಯೋಗಾಲಯಗಳೇ ತೋರಿಸಿಕೊಡುತ್ತವೆ. ಕನ್ನಡ, ಇತಿಹಾಸ, ಸಮಾಜಶಾಸ್ತ್ರಗಳ ಸಂಶೋಧನಾರ್ಥಿಗಳು ಮಾತ್ರ ತಮಗೆ ಇಂಥ ಅವಕಾಶವೇ ಇಲ್ಲವೆಂದು ನಂಬಿ ಸುಮ್ಮನಾಗುತ್ತಾರೆ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಹತ್ತೊಂಬತ್ತನೆಯ ಶತಮಾನದ ಮಂಗಳೂರಿನ ಮುದ್ರಣವನ್ನು ಕುರಿತು ಒಬ್ಬರು ಪಿಎಚ್‌ಡಿ ಮಾಡುತ್ತಿದ್ದಾರೆ ಎಂದುಕೊಳ್ಳೋಣ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು 1843ರಲ್ಲಿ. ಆ ಪಾದ್ರಿಗಳು ಮಂಗಳೂರು, ಧಾರವಾಡಗಳಿಂದ ತಮ್ಮ ಪ್ರಧಾನ ಕಚೇರಿಗೆ ಬರೆದ ಪತ್ರಗಳೂ ವರದಿಗಳೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿವೆ. ಅಲ್ಲಿನ ದಾಖಲೆಗಳ ಸೂಚಿಯನ್ನೂ ಬಹಳಷ್ಟು ಹಳೆಯ ಛಾಯಾಚಿತ್ರಗಳನ್ನೂ ಮನೆಯಲ್ಲೇ ಕುಳಿತು ಅಂತರಜಾಲದಲ್ಲಿ ನೋಡಬಹುದು. ಅರ್ಜಿಗೆ ಮೊದಲು ಅದನ್ನು ನೋಡಲೇಬೇಕು, ಏಕೆಂದರೆ ಇಲ್ಲಿಂದಲೇ ಕಾಣುವ ವಸ್ತುವಿಗಾಗಿ ಅಲ್ಲಿಗೆ ಹೋಗುವುದೇಕೆ ಎಂಬುದು ಆಯ್ಕೆ ಸಮಿತಿಯ ಮೊದಲ ಪ್ರಶ್ನೆಯಾಗಿರುತ್ತದೆ. ಎರಡನೆಯ ಪ್ರಶ್ನೆ ಇನ್ನೂ ಕಠಿಣ: ಆ ಪತ್ರಗಳಲ್ಲಿ ಹೆಚ್ಚಿನವು ಜರ್ಮನ್ ಭಾಷೆಯಲ್ಲಿ, ಇಂದಿನ ಜರ್ಮನರೇ ತಡವರಿಸುವಂಥ ಹಳೆಯ ಕೈಬರಹದಲ್ಲಿವೆ, ಅವನ್ನು ನೀವು ಓದಬಲ್ಲಿರಾ? ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಒಂದು ವರ್ಷ ಜರ್ಮನ್ ಕಲಿತು, ಅದರ ಪ್ರಮಾಣಪತ್ರವನ್ನು ಅರ್ಜಿಯೊಂದಿಗೆ ಲಗತ್ತಿಸಿದವರ ಮಾತಿಗೆ ಬರುವ ತೂಕ ಬೇರೆ.

ಅನಂತರದ ಹೆಜ್ಜೆ ಆತಿಥೇಯ ಪ್ರಾಧ್ಯಾಪಕರಿಗೆ ಪತ್ರ ಬರೆಯುವುದು. ನಮ್ಮಲ್ಲಿ ರೂಢಿಯಾಗಿರುವ, ‘ತಮ್ಮ ಅಮೂಲ್ಯ ಮಾರ್ಗದರ್ಶನದಲ್ಲಿ ಸಂಶೋಧನೆ ಕೈಗೊಳ್ಳಲು ಅವಕಾಶ ಕಲ್ಪಿಸಬೇಕೆಂದು ವಿನಂತಿ’ ಎಂಬ ಧಾಟಿಯ ಪತ್ರಕ್ಕೆ ಉತ್ತರ ಬರುವುದು ಅಪರೂಪ, ಏಕೆಂದರೆ ಅದನ್ನು ಯಾರು ಯಾರಿಗೆ ಬೇಕಾದರೂ ಕಳುಹಿಸಬಹುದು. ಅದರ ಬದಲು, ‘1840ರ ದಶಕದ ಮಂಗಳೂರು ವರದಿಗಳಲ್ಲಿ ಕಾಗದ, ಕಲ್ಲು, ಕೂಲಿಗಳ ವೆಚ್ಚದ ವಿವರ ಹುಡುಕುತ್ತಿದ್ದೇನೆ, ಸೂಚಿಯಲ್ಲಿ ಈ ಕಡತಗಳನ್ನು ಗುರುತಿಸಿದ್ದೇನೆ, ಇದೇ ಕಾಲದ ಬಗ್ಗೆ ತಾವು ಬರೆದ ಲೇಖನವನ್ನು ಓದಿದ್ದೇನೆ, ಆರು ತಿಂಗಳ ಭೇಟಿಗೆ ಆಹ್ವಾನ ಪತ್ರ ನೀಡಲು ಸಾಧ್ಯವೇ?’ ಎಂದು ಬರೆಯಬೇಕು. ಪತ್ರ ಒಂದು ಪುಟ ಮೀರಬಾರದು. ಮೂರು ವಾರ ಕಾದು ಒಮ್ಮೆ ವಿನಯದಿಂದ ನೆನಪಿಸಬಹುದು. ಆಗಲೂ ಉತ್ತರ ಬಾರದಿದ್ದರೆ ಬೇಸರಪಡದೆ ಮತ್ತೊಬ್ಬರಿಗೆ ಬರೆಯಬೇಕು.

ಆಹ್ವಾನ ಪತ್ರ ಕೈಗೆ ಬಂದರೆ ಹಣದ ಬಾಗಿಲುಗಳು ಒಂದೊಂದಾಗಿ ಕಾಣತೊಡಗುತ್ತವೆ. ಸ್ವಿಟ್ಜರ್ಲೆಂಡ್ ಆದರೆ ಸ್ವಿಸ್ ಸರ್ಕಾರದ ಎಕ್ಸಲೆನ್ಸ್ ಸ್ಕಾಲರ್‌ಶಿಪ್‌ಗಳಿವೆ. ಅಲ್ಲಿನ ಪ್ರಾಧ್ಯಾಪಕರೊಬ್ಬರ ಒಪ್ಪಿಗೆ ಪತ್ರವಿಲ್ಲದೆ ಆ ಅರ್ಜಿ ಪೂರ್ಣವಾಗುವುದೇ ಇಲ್ಲ. ಜರ್ಮನಿಗೆ 1925ರಲ್ಲಿ ಸ್ಥಾಪನೆಯಾದ, ಡಿಎಎಡಿ ಎಂಬ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆ ಇದೆ. ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು ಫೆಲೋಶಿಪ್‌ಗಳು. 1950ರ ಒಪ್ಪಂದದಿಂದ ಆರಂಭವಾದ ಈ ಯೋಜನೆಗೆ ನೆಹರು ಅವರ ಹೆಸರು ಸೇರಿದ್ದು, ವೆಚ್ಚವನ್ನು ಎರಡೂ ಸರ್ಕಾರಗಳು ಸಮನಾಗಿ ಹಂಚಿಕೊಳ್ಳಲು 2008ರಲ್ಲಿ ಒಪ್ಪಿದ ಮೇಲೆ. ಇದರಲ್ಲಿ ಭಾರತದಲ್ಲೇ ಪಿಎಚ್‌ಡಿಗೆ ನೋಂದಾಯಿಸಿಕೊಂಡವರು ಆರರಿಂದ ಒಂಬತ್ತು ತಿಂಗಳು ಅಲ್ಲಿ ಸಂಶೋಧನೆ ನಡೆಸಬಹುದು. ಅಧ್ಯಾಪಕರಿಗೆ ಬೋಧನೆ, ಸಂಶೋಧನೆ ಅಥವಾ ಎರಡನ್ನೂ ಕೂಡಿಸಿ ಮಾಡಲು ಪ್ರತ್ಯೇಕ ವಿಭಾಗವಿದೆ. ಜೆ-1 ವೀಸಾದಲ್ಲಿ ಹೋಗುವ ಈ ಫೆಲೋಗಳು, ಮುಂದೆ ಅಲ್ಲಿ ನೆಲೆಸಲು ಅಥವಾ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡಲು ಬಯಸಿದರೆ, ಮೊದಲು ಸ್ವದೇಶದಲ್ಲಿ ಎರಡು ವರ್ಷ ಇರಬೇಕೆಂಬ ನಿಯಮವನ್ನು ಅರ್ಜಿ ಹಾಕುವಾಗಲೇ ಮನೆಯವರೊಂದಿಗೆ ಮಾತಾಡಿಕೊಳ್ಳುವುದು ಒಳ್ಳೆಯದು.

ಪದವಿಗಾಗಿಯೇ ಹೋಗುವವರಿಗೆ ನಮ್ಮ ಸರ್ಕಾರಗಳ ನೆರವೂ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಮೀಸಲಾಗಿದ್ದು, ಕುಟುಂಬದ ವಾರ್ಷಿಕ ಆದಾಯಕ್ಕೆ 8 ಲಕ್ಷ ರೂಪಾಯಿಗಳ ಮಿತಿಯಿದೆ. ಆದರೆ 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಹಾಗೂ ಸಮಾಜವನ್ನು ಕುರಿತ ವಿಷಯಗಳನ್ನು ಈ ನೆರವಿನಿಂದ ಹೊರಗಿಟ್ಟಿತು. ತಮ್ಮ ಸಮುದಾಯದ ಚರಿತ್ರೆಯನ್ನೇ ಬರೆಯಲು ಹೊರಟವರಿಗೆ ಇದರಿಂದ ಅನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ. ಅಂಥವರು ಆಯಾ ವರ್ಷದ ಮಾರ್ಗಸೂಚಿಯನ್ನು ಸಾಲುಸಾಲಾಗಿ ಓದಿಕೊಳ್ಳಬೇಕು. ಜೊತೆಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯನ್ನೂ ವಿಚಾರಿಸಬೇಕು. 1892ರಿಂದ ನಡೆದುಬಂದಿರುವ ಜೆ. ಎನ್. ಟಾಟಾ ದತ್ತಿನಿಧಿ ಕೊಡುವುದು ಸಾಲದ ರೂಪದ ವಿದ್ಯಾರ್ಥಿವೇತನ, ಅದನ್ನು ಹಿಂತಿರುಗಿಸಬೇಕು.

ಕಾಲದ ಲೆಕ್ಕದಲ್ಲಿ ಉದಾರವಾಗಿರಬೇಕು. ಈ ವರ್ಷ ಅರ್ಜಿ ಹಾಕಿದವರು ಹೊರಡುವುದು ಬಹುಮಟ್ಟಿಗೆ ಮುಂದಿನ ವರ್ಷ; ಅದಕ್ಕೂ ಮೊದಲು ಭಾಷೆ ಕಲಿಯಲು, ಆಹ್ವಾನ ಪಡೆಯಲು ಒಂದು ವರ್ಷ ಬೇಕು. ಸರ್ಕಾರಿ ಕಾಲೇಜಿನಲ್ಲಿರುವವರಿಗೆ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಎಲ್ಲಕ್ಕಿಂತ ನಿಧಾನ. ಪ್ರಾಂಶುಪಾಲರ ಕೊಠಡಿಯಿಂದ ಹೊರಟ ಕಡತ ಎಷ್ಟು ಮೇಜುಗಳನ್ನು ದಾಟಬೇಕೆಂಬುದು ಒಮ್ಮೆ ಅದರ ಹಿಂದೆ ಓಡಾಡಿದವರಿಗೆ ಗೊತ್ತು. ಆದ್ದರಿಂದ ಆಯ್ಕೆಯ ಫಲಿತಾಂಶಕ್ಕೆ ಕಾಯದೆ, ಅರ್ಜಿಯ ದಿನವೇ ಅದನ್ನು ಆರಂಭಿಸಬೇಕು. ಶಿಫಾರಸು ಪತ್ರ ಕೊಡುವವರಿಗೂ ಒಂದು ತಿಂಗಳ ಮುಂಚೆಯೇ ನಿಮ್ಮ ಪ್ರಸ್ತಾವನೆಯ ಪ್ರತಿಯನ್ನು ತಲುಪಿಸಿ; ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಸಹಾಯಕ ಪ್ರಾಧ್ಯಾಪಕರ ಎರಡು ಪುಟ, ಹೆಸರು ಮಾತ್ರ ಬಲ್ಲ ಕುಲಪತಿಗಳ ನಾಲ್ಕು ಸಾಲಿಗಿಂತ ಮೇಲು.

ಮೊದಲ ಸಲ ಆಯ್ಕೆಯಾಗದಿದ್ದರೆ ಆಹ್ವಾನ ನೀಡಿದ ಪ್ರಾಧ್ಯಾಪಕರಿಗೆ ವಿಷಯ ತಿಳಿಸಿ, ಮುಂದಿನ ವರ್ಷದ ದಿನಾಂಕ ಹಾಕಿದ ಹೊಸ ಪತ್ರವನ್ನು ಕೇಳಿ ಪಡೆಯಿರಿ. ಆ ನಡುವೆ ಬರೆದ ಅಧ್ಯಾಯವನ್ನೋ ಲೇಖನವನ್ನೋ ಅವರಿಗೆ ಕಳುಹಿಸಿದರೆ, ಆ ಪತ್ರದಲ್ಲಿ ಅವರು ಬರೆಯಬಹುದಾದ ಮಾತು ಹಿಂದಿನದಕ್ಕಿಂತ ಹೆಚ್ಚಿರುತ್ತದೆ.