ನೌಕರರ ಫೈಲ್ ಕೇಳಿ ಸಮನ್ಸ್ ಬಂದಾಗ ನಾನು ಮಾಡುವುದು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನನ್ನದು ಎಚ್‌ಆರ್ ಕೆಲಸ. ಎಲ್ಲರ ಪರ್ಸನಲ್ ಫೈಲ್‌ಗಳೂ ನನ್ನ ಬೀರುವಿನಲ್ಲಿವೆ. ಸಂಬಳ, ಬ್ಯಾಂಕ್ ಖಾತೆ, ಆಧಾರ್ ಪ್ರತಿ, ಆಸ್ಪತ್ರೆ ಚೀಟಿ, ಹಳೇ ಮೆಮೊಗಳು, ಪಿಎಫ್‌ಗೆ ಯಾರನ್ನು ನಾಮಿನಿ ಮಾಡಿದ್ದಾರೆ ಎಂಬುದು. ಈ ಕೊನೆಯದೊಂದೇ ಸಾಕು, ಒಂದು ಮನೆಯಲ್ಲಿ ಜಗಳ ಹಚ್ಚಲು.

ಕೇಳುವವರಲ್ಲಿ ಜಾಸ್ತಿ ಜನಕ್ಕೆ ಕೇಳುವ ಅಧಿಕಾರವೇ ಇರುವುದಿಲ್ಲ. ಜೀವನಾಂಶದ ಕೇಸು ನಡೆಯುತ್ತಿರುತ್ತದೆ, ಹೆಂಡತಿಯ ಕಡೆ ವಕೀಲರು ಗಂಡನ ಸಂಬಳದ ಚೀಟಿ ಕಳಿಸಿ ಎಂದು ನೋಟಿಸ್ ಕೊಡುತ್ತಾರೆ. ಆ ಹೆಣ್ಣುಮಗಳ ಬಗ್ಗೆ ನನಗೂ ಮರುಕವಿದೆ. ಆದರೆ ವಕೀಲರ ನೋಟಿಸ್ ಸಮನ್ಸ್ ಅಲ್ಲ. ಕೋರ್ಟಿನಿಂದ ಸಮನ್ಸ್ ತರಿಸಿ, ಮರುದಿನವೇ ಕೊಡುತ್ತೇವೆ ಎಂದು ಉತ್ತರ ಬರೆಯುತ್ತೇನೆ. ಸಮನ್ಸ್ ಬಂದರೆ 'ಇದು ಕಂಪನಿಯ ಗುಟ್ಟು' ಎನ್ನುವ ಮಾತು ನಡೆಯುವುದಿಲ್ಲ. ಆಫರ್ ಲೆಟರ್‌ನಲ್ಲಿ ಬರೆದ ಗೌಪ್ಯತೆಯ ಷರತ್ತು ಕಾನೂನಿಗಿಂತ ದೊಡ್ಡದಲ್ಲವಲ್ಲ.

ಪೊಲೀಸರದ್ದು ಬೇರೆ ಕಥೆ. "ಸಾರ್, ನಿಮ್ಮಲ್ಲಿರೋ ಒಬ್ಬ ಹುಡುಗನ ಡೀಟೇಲ್ಸ್ ವಾಟ್ಸಾಪ್ ಮಾಡಿ" ಎಂದು ಸ್ಟೇಷನ್‌ನಿಂದ ಫೋನ್ ಬರುತ್ತದೆ. "ಖಂಡಿತ ಕೊಡ್ತೀವಿ ಸಾರ್, ಒಂದು ಲೆಟರ್ ಕಳಿಸಿಬಿಡಿ" ಅನ್ನುತ್ತೇನೆ. ಹಿಂದೆ ಇದಕ್ಕೆ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 91ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದೇ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂನಲ್ಲಿದೆ. ಅದರಂತೆ ಠಾಣಾಧಿಕಾರಿ ಲಿಖಿತವಾಗಿ ಕೇಳಬೇಕು. ತನಿಖೆಗೆ ಬೇಕಾದ ದಾಖಲೆ ಯಾವುದು, ಎಲ್ಲಿ, ಯಾವಾಗ ಹಾಜರುಪಡಿಸಬೇಕು ಎಂದಿರಬೇಕು. ದಾಖಲೆ ಮಾತ್ರ ಕೇಳಿದ್ದರೆ ನಾವೇ ಹೋಗಿ ನಿಲ್ಲಬೇಕೆಂದಿಲ್ಲ, ಬೇರೆಯವರ ಕೈಲಿ ಕಳಿಸಿದರೂ ಆಯಿತು. ಪತ್ರ ಕೇಳಿದ್ದಕ್ಕೆ ಯಾರೂ ನನ್ನ ಮೇಲೆ ರೇಗಿಲ್ಲ. ಆದರೆ ಪತ್ರ ಬಂದ ಮೇಲೂ ಸುಮ್ನೆ ಹಠ ಮಾಡುವುದು ದಡ್ಡತನ. ಕೋರ್ಟು ಸರ್ಚ್ ವಾರಂಟ್ ಕೊಟ್ಟರೆ ಒಂದು ಫೈಲಿನ ಬದಲು ಇಡೀ ಬೀರು ತೆರೆಯಬೇಕಾದೀತು.

ಹಾಜರಾತಿ ಕೇಳಿದರೆ ಹಾಜರಾತಿ ಅಷ್ಟೇ ಕೊಡುತ್ತೇನೆ. ಪೂರ್ತಿ ಫೈಲ್ ಎತ್ತಿ ಕೊಟ್ಟುಬಿಡುವುದು ಸುಲಭ, ನಿಜ. ಆದರೆ ಆಸ್ಪತ್ರೆ ಚೀಟಿ ಅವರಿಗೆ ಯಾಕೆ? ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಕೇಸಿನ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪೊಲೀಸರು ದಾಖಲೆ ಕೇಳಿದ್ದಾರೆಂದು ನೌಕರನಿಗೆ ತಿಳಿಸಬಹುದೇ ಎಂದು ತನಿಖಾಧಿಕಾರಿಯನ್ನೇ ಕೇಳುತ್ತೇನೆ. ಬೇಡವೆಂದರೆ ಬಾಯಿ ಮುಚ್ಚಿಕೊಂಡಿರುತ್ತೇನೆ.

ನಮ್ಮಲ್ಲಿ ನಡೆದ ಪಿಎಫ್ ವಿಚಾರಣೆಯಲ್ಲಿ ಅಷ್ಟು ತಲೆನೋವಿರಲಿಲ್ಲ. 1952ರ ಪಿಎಫ್ ಕಾಯ್ದೆಯ 7ಎ ಕಲಂ ವಿಚಾರಣಾಧಿಕಾರಿಗೆ ಸಿವಿಲ್ ಕೋರ್ಟಿನ ಅಧಿಕಾರವನ್ನೇ ಕೊಟ್ಟಿತ್ತು. ಅವರು ಕೇಳಿದ್ದೂ ಸಂಬಳದ ರಿಜಿಸ್ಟರು, ಭತ್ಯೆಗಳ ವಿವರ. ಕೊಟ್ಟೆವು. ಮೆಮೊಗಳ ಕಟ್ಟು ಬೀರುವಿನಲ್ಲೇ ಉಳಿಯಿತು.

ನಿಜಕ್ಕೂ ಬೆವರು ಬರುವುದು ಲೈಂಗಿಕ ಕಿರುಕುಳದ ದೂರಿನ ಕಡತಕ್ಕೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಕಲಂ ಪ್ರಕಾರ ದೂರು, ದೂರುದಾರೆ, ಆರೋಪಿತ, ಸಾಕ್ಷಿ, ವಿಚಾರಣೆಯ ವಿವರ, ಯಾವುದೂ ಸಾರ್ವಜನಿಕರಿಗೆ, ಪತ್ರಿಕೆಗೆ ಹೋಗುವಂತಿಲ್ಲ. ಆರ್‌ಟಿಐನಲ್ಲೂ ಸಿಗದು. ಅದೇ ಕಾಯ್ದೆಯ 25ನೇ ಕಲಂ ಮಾತ್ರ, ಸರ್ಕಾರ ಲಿಖಿತ ಆದೇಶ ಹೊರಡಿಸಿ ಮಾಹಿತಿ ಕೇಳಬಹುದು, ಅಧಿಕಾರಿಯನ್ನು ಕಳಿಸಿ ದಾಖಲೆ ನೋಡಬಹುದು ಎನ್ನುತ್ತದೆ. ಎರಡೂ ಡಿಕ್ಕಿ ಹೊಡೆಯುವಂತೆ ಕಾಣುತ್ತವೆ, ಅಲ್ವಾ? ನಾನು ಓದಿಕೊಂಡದ್ದು ಹೀಗೆ: ಆದೇಶ ಹಿಡಿದು ಬಂದ ಅಧಿಕಾರಿ 'ಸಾರ್ವಜನಿಕ' ಅಲ್ಲ, ಆದ್ದರಿಂದ ತೋರಿಸಲೇಬೇಕು. ಆದರೆ ಅವರ ಜೊತೆ ಬಂದ ಡ್ರೈವರ್, ನಮ್ಮದೇ ಅಕೌಂಟ್ಸ್‌ನವರು, ಜೆರಾಕ್ಸ್ ಹುಡುಗ ಎಲ್ಲರೂ ಹೊರಗಿನವರೇ. ಮೊದಲು ದೂರುಗಳ ಸಂಖ್ಯೆ ಮತ್ತು ಇತ್ಯರ್ಥದ ವಿವರ ಕೊಡುತ್ತೇನೆ. ಎಷ್ಟೋ ಸಲ ಅವರಿಗೆ ಬೇಕಾದದ್ದು ಅಷ್ಟೇ ಇರುತ್ತದೆ. ಕಡತವೇ ಬೇಕೆಂದರೆ ಇಂಥ ದೂರು ವಿಚಾರಿಸುವ ನಮ್ಮ ಆಂತರಿಕ ಸಮಿತಿಯ ಅಧ್ಯಕ್ಷೆಯನ್ನು ಕೂರಿಸಿಕೊಂಡು, ಬಾಗಿಲು ಹಾಕಿದ ಕೋಣೆಯಲ್ಲಿ ತೋರಿಸುತ್ತೇವೆ. ಪ್ರತಿ ಕೇಳಿದರೆ ನಾನೇ ನಿಂತು ಜೆರಾಕ್ಸ್ ಮಾಡಿ, ಪುಟ ಎಣಿಸಿ, ಲಕೋಟೆಗೆ ಅರಗು ಹಾಕಿ, ಅಧಿಕಾರಿಯ ಹೆಸರಿಗೇ ಕೊಟ್ಟು ಸಹಿ ಪಡೆಯುತ್ತೇನೆ. ರಿಜಿಸ್ಟರಿನಲ್ಲಿ ಆದೇಶದ ಸಂಖ್ಯೆ, ತಾರೀಕು, ಪುಟಗಳ ಲೆಕ್ಕ ಬರೆಯುತ್ತೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ.