ಹಳೇ ಕ್ಯಾಮೆರಾಕ್ಕೆ 2 ಜಿಬಿ ಕಾರ್ಡೇ ಬೇಕಾಯಿತು

ಮನೆಯಲ್ಲಿದ್ದ 2005ರ ಡಿಜಿಟಲ್ ಕ್ಯಾಮೆರಾಕ್ಕೆ ಹೊಸ ಸೆಲ್ ಹಾಕಿದೆ. ಲೆನ್ಸ್ ಟರ್ರ್ ಅಂತ ಹೊರಗೆ ಬಂತು. ಆದರೆ 32 ಜಿಬಿ ಕಾರ್ಡ್ ಹಾಕಿದರೆ ‘ಕಾರ್ಡ್ ಎರರ್’. ಅದೇ ಕಾರ್ಡ್ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ತೆರೆಯುತ್ತಿತ್ತು.

ಕಾರ್ಡಿನ ಮೇಲೆ ‘ಎಸ್‌ಡಿ’ ಜೊತೆ ಸಣ್ಣದಾಗಿ ‘ಎಚ್‌ಸಿ’ ಅಂತಲೂ ಇತ್ತು. ಗುಟ್ಟು ಅಲ್ಲೇ ಇದೆ. ಮೂಲ ಎಸ್‌ಡಿ ಕಾರ್ಡಿನ ಮಿತಿ 2 ಜಿಬಿ. ಎಸ್‌ಡಿಎಚ್‌ಸಿ ಬಂದಿದ್ದು 2006ರಲ್ಲಿ, ಅದು 32 ಜಿಬಿವರೆಗೆ. ಅದಕ್ಕಿಂತ ದೊಡ್ಡದು ಎಸ್‌ಡಿಎಕ್ಸ್‌ಸಿ. ನೋಡೋಕೆ ಮೂರೂ ಒಂದೇ, ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತವೆ. ಮೋಸ ಹೋಗೋದು ಅದಕ್ಕೇ ಅಲ್ವಾ?

ದೊಡ್ಡ ಕಾರ್ಡಿನಲ್ಲೇ 2 ಜಿಬಿಯ ಪಾರ್ಟಿಷನ್ (ಪ್ರತ್ಯೇಕ ಭಾಗ) ಮಾಡಿ ನೋಡಿದೆ. ಊಹೂಂ. ಹಳೇ ಕಾರ್ಡಿನಲ್ಲಿ ಕ್ಯಾಮೆರಾ ಒಂದೊಂದು ಬೈಟ್ ಲೆಕ್ಕದಲ್ಲಿ ವಿಳಾಸ ಕೊಡುತ್ತದೆ. ಎಚ್‌ಸಿ ಕಾರ್ಡ್ ಕೇಳುವುದು 512 ಬೈಟ್‌ಗಳ ಬ್ಲಾಕ್ ಲೆಕ್ಕ. ಪಿನ್‌ಕೋಡ್ ಕೇಳುವವರಿಗೆ ಮನೆ ನಂಬರ್ ಹೇಳಿದ ಹಾಗೆ. ಫಾರ್ಮ್ಯಾಟ್ ಬದಲಿಸಿದರೆ ಇದು ಸರಿಹೋಗಲ್ಲ.

ಕೊನೆಗೆ ಕೈ ಹಿಡಿದಿದ್ದು ಹಳೇ ಬಟನ್ ಫೋನಿನಲ್ಲಿದ್ದ 2 ಜಿಬಿ ಮೈಕ್ರೊ ಎಸ್‌ಡಿ. ಅಡಾಪ್ಟರ್‌ಗೆ ಸಿಕ್ಕಿಸಿ, ಅಡಾಪ್ಟರ್ ಪಕ್ಕದ ಲಾಕ್ ಮೇಲಕ್ಕೆ ತಳ್ಳಿ, ಕ್ಯಾಮೆರಾದ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡಿದೆ. ತಕ್ಷಣ ಕೆಲಸ ಮಾಡಿತು. ಲ್ಯಾಪ್‌ಟಾಪ್‌ನಲ್ಲಿ ಮಾಡುವುದಾದರೆ ಫ್ಯಾಟ್16 ಅನ್ನೋ ಫೈಲ್ ಸಿಸ್ಟಮ್ ಆರಿಸಿ. ಇನ್ನೂ ಹಳೇ ಕೆಲವು ಕ್ಯಾಮೆರಾಗಳು 1 ಜಿಬಿ ದಾಟಿದರೂ ತಕರಾರು ಮಾಡುತ್ತವೆ, ಮ್ಯಾನ್ಯುಯಲ್ ನೋಡಿಕೊಳ್ಳಿ.

ಜಾಗ ಸಾಲಲ್ಲ ಅನ್ನೋ ಭಯ ಬೇಡ. 5 ಮೆಗಾಪಿಕ್ಸೆಲ್ ಫೋಟೋ ಹೆಚ್ಚೆಂದರೆ 3 ಎಂಬಿ. 600 ಫೋಟೋ ಆರಾಮಾಗಿ ಹಿಡಿಯುತ್ತವೆ. ಸೆಲ್ ಮಾತ್ರ ಅಷ್ಟು ಹೊತ್ತು ಬಾಳಲ್ಲ.