ಹಂಚಿನ ಮಾಡಿನ ಅಂಗಡಿಗೆ ದೊಡ್ಡ ಬೋರ್ಡ್ ಕೂರಿಸುವುದು ಹೇಗೆ?

ಕರಾವಳಿಯ ಹಳೇ ಪೇಟೆಗಳಲ್ಲಿ ಇಂಥ ಅಂಗಡಿಗಳು ಇನ್ನೂ ಬೇಕಾದಷ್ಟಿವೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಎರಡು ಮೂರು ಅಡಿ ಇಳಿದು ಬಂದ ಸೂರು. ಅದರ ಮುಂದೆ 12 ಅಡಿ ಉದ್ದ, 4 ಅಡಿ ಎತ್ತರದ ಬೋರ್ಡ್ ನಿಲ್ಲಿಸಬೇಕು ಅಂದರೆ ಎಲ್ಲರೂ ಕೇಳುವುದು ತೂಕ ಎಷ್ಟು ಅಂತ. ತೂಕ ಬಿಡಿ, ಎಸಿಪಿ ಶೀಟ್ (ಪ್ಲಾಸ್ಟಿಕ್ ತಿರುಳಿಗೆ ಎರಡೂ ಕಡೆ ಅಲ್ಯೂಮಿನಿಯಂ ಹಚ್ಚಿದ ಹಗುರ ಹಲಗೆ), ಫ್ರೇಮ್ ಎಲ್ಲ ಸೇರಿ ಮೂರು ಜನ ಎತ್ತುವಷ್ಟು. ನೋಡಬೇಕಾದ್ದು ಗಾಳಿ.

ಕಟ್ಟಡಗಳ ಮೇಲೆ ಬೀಳುವ ಭಾರ, ಗಾಳಿಯ ಲೆಕ್ಕ ಹೇಳುವ ಭಾರತೀಯ ಮಾನದಂಡ ಐಎಸ್ 875 ಕೋಡ್ ಪ್ರಕಾರ ಮಂಗಳೂರಿಗೆ ಹಿಡಿಯುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಬೆಂಗಳೂರಿಗೆ 33. 39ರ ಲೆಕ್ಕ ಹಾಕಿದರೆ ಒಂದು ಚದರ ಮೀಟರಿಗೆ 90 ಕೆ.ಜಿ.ಗೂ ಜಾಸ್ತಿ ಒತ್ತಡ, ಈ ಬೋರ್ಡಿನ ಮೇಲೆ ಒಟ್ಟು 400 ಕೆ.ಜಿ. ದಾಟುತ್ತದೆ. ಅದೂ ಒಮ್ಮೆ ತಳ್ಳುತ್ತದೆ, ಒಮ್ಮೆ ಎಳೆಯುತ್ತದೆ. 2024ರ ಮೇ 13ರಂದು ಮುಂಬೈಯ ಘಾಟ್ಕೋಪರ್‌ನಲ್ಲಿ ಹೋರ್ಡಿಂಗ್ ಬಿದ್ದು 17 ಜನ ಸತ್ತದ್ದು ಮಳೆಗಾಲಕ್ಕೆ ಮುಂಚಿನ ಬಿರುಗಾಳಿಗೆ.

ಹಾಗಾಗಿ ಮಾಡಿನ ಪಕ್ಕಾಸಿಗೆ (ಹಂಚು ಹೊರುವ ಇಳಿಜಾರು ಮರಕ್ಕೆ) ಬೋರ್ಡ್ ಕಟ್ಟಲೇಬೇಡಿ. ಹಂಚು ಕೂತಿರುವುದು ತನ್ನ ಭಾರದ ಮೇಲೆ ಮಾತ್ರ. ಮಾಡು ಮೇಲಿನ ಭಾರ ಹೊರುತ್ತದೆ, ಅಡ್ಡಕ್ಕೆ ಎಳೆದರೆ ತಡೆಯುವುದಿಲ್ಲ.

ಸೂರಿನ ಅಂಚಿನಿಂದ ಹೊರಗೆ, ನಿಮ್ಮದೇ ಜಾಗದಲ್ಲಿ, ಎರಡು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಕಂಬ ನಿಲ್ಲಿಸಿ ಬುಡಕ್ಕೆ ಕಾಂಕ್ರೀಟ್ ಹಾಕಿ. ಚರಂಡಿ, ಫುಟ್‌ಪಾತ್ ಮುಟ್ಟಬೇಡಿ. ಆಮೇಲೆ ಸೂರಿನ ಅಡಿಯಿಂದ ಗೋಡೆಗೂ ಕಂಬಕ್ಕೂ ಅಡ್ಡ ಪೈಪ್ ಕೊಡಿ. ಭಾರ ಕಂಬದಲ್ಲಿ ನೆಲಕ್ಕೆ ಇಳಿಯುತ್ತದೆ, ಗಾಳಿಯ ಎಳೆತದ ಬಹುಪಾಲನ್ನು ಗೋಡೆ ಹಿಡಿಯುತ್ತದೆ, ಒಂದು ಹಂಚನ್ನೂ ಕೊರೆಯಬೇಕಿಲ್ಲ. ಬೋರ್ಡಿನ ಅಡಿಗೂ ಹಂಚಿಗೂ ಅರ್ಧ ಅಡಿ ಸಂದು ಬಿಡಿ, ಇಲ್ಲದಿದ್ದರೆ ತರಗೆಲೆ ಸಿಕ್ಕಿಕೊಂಡು ನೀರು ಒಳಗೆ ಬರುತ್ತದೆ. ಕಂಬ, ಪೈಪಿನ ಗಾತ್ರವನ್ನು ಇಂಜಿನಿಯರ್ ಹತ್ತಿರ ಬರೆಸಿಕೊಳ್ಳಿ, ವೆಲ್ಡರ್ ಅಂದಾಜಿಗೆ ಬಿಡಬೇಡಿ.

ಗೋಡೆಯ ಕೆಲಸದಲ್ಲಿ ಅವಸರ ಬೇಡ. ಮುರಕಲ್ಲು ಮೆದು, ತೂತು ತೂತು. ಕಾಂಕ್ರೀಟಿಗೆ ಹೊಡೆಯುವ ಆಂಕರ್ ಬೋಲ್ಟ್ ಇದರಲ್ಲಿ ಬಿಗಿಯುತ್ತಾ ಹೋದಂತೆ ಕಲ್ಲೇ ಪುಡಿಯಾಗಿ ಕೆಂಪು ಹಿಟ್ಟು ಉದುರುತ್ತದೆ, ಬೋಲ್ಟ್ ಗರಗರ ತಿರುಗುತ್ತದೆ. ಅದರ ಬದಲು 12 ಎಂಎಂ ತ್ರೆಡ್ ರಾಡನ್ನು (ಉದ್ದಕ್ಕೂ ಬೋಲ್ಟಿನ ಹಾಗೆ ತಿರುಪು ಇರುವ ಸರಳನ್ನು) ಗೋಡೆಯ ಆಚೆಗೇ ತೂರಿಸಿ, ಒಳಗೆ 6 ಇಂಚು ಚೌಕದ ಪ್ಲೇಟ್ ಕೊಟ್ಟು ಡಬಲ್ ನಟ್ ಹಾಕಿ. ಡ್ರಿಲ್ಲಿನ ಹ್ಯಾಮರ್ ಮೋಡ್ (ಬಡಿಯುತ್ತಾ ಕೊರೆಯುವುದು) ಬೇಡ, ಸುಮ್ನೆ ತಿರುಗಿಸಿ ಕೊರೆದರೆ ಸಾಕು. ತೂತು ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ, ಮಳೆನೀರು ಒಳಗೆ ಬರುವುದಿಲ್ಲ. ಉಪ್ಪುಗಾಳಿಗೆ ಮಾಮೂಲಿ ನಟ್ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ. ವೆಲ್ಡ್ ಮಾಡಿದ ಜಾಗಕ್ಕೆ ಅದೇ ದಿನ ಜಿಂಕ್ ಪ್ರೈಮರ್ ಹೊಡೆಯಿರಿ.

ಎತ್ತುವ ಕೆಲಸ ಬೆಳಗ್ಗೆಯೇ ಮುಗಿಸಿ, ಏಪ್ರಿಲ್ ಮೇಯಲ್ಲಿ ಸಂಜೆ ಗಾಳಿ ಹೇಳಿ ಕೇಳಿ ಬರುವುದಿಲ್ಲ. ಏಣಿ ಸಾಲದು, ಸಾರವೆ ಕಟ್ಟಿಸಿ. ಬೋರ್ಡಿನ ಕೆಳಗಿನ ಎರಡೂ ಮೂಲೆಗೆ ಹಗ್ಗ ಕಟ್ಟಿ ಒಬ್ಬೊಬ್ಬರು ಹಿಡಿದಿರಲಿ, ಗಾಳಿ ಬಂದರೆ ಬೋರ್ಡ್ ತಿರುಗಿ ಮೇಲಿದ್ದವನನ್ನೇ ತಳ್ಳುತ್ತದೆ. ಹಂಚಿನ ಮೇಲೆ ಕಾಲಿಡಬೇಡಿ. ಮೇಲೆ ಕರೆಂಟ್ ಲೈನ್ ಇದ್ದರೆ ಲೈನ್‌ಮ್ಯಾನ್‌ಗೆ ಹೇಳಿ ಆಫ್ ಮಾಡಿಸಿದ ಮೇಲೇ ಪೈಪ್ ಎತ್ತಿ. ತೆಂಗಿನಮರ ಇದೆಯಾ ಅಂತಲೂ ನೋಡಿ, ತಮಾಷೆಯಲ್ಲ!

ಲೈಟ್ ಹಾಕುವುದಾದರೆ ಫ್ರೇಮಿಗೆ ಅರ್ಥಿಂಗ್ ಕೊಟ್ಟು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ಅಕ್ಷರ ಬರೆಸುವ ಮೊದಲು ಇನ್ನೊಂದು ಮಾತು, ಬೋರ್ಡಿನ 60% ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಿಂದ ರಾಜ್ಯದಲ್ಲಿ ನಿಷೇಧವಿದೆ.

ಬಿಗಿದ ಪ್ರತಿ ನಟ್ಟಿಗೂ ರಾಡಿಗೂ ಸೇರಿ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಮೊದಲ ದೊಡ್ಡ ಮಳೆ ನಿಂತ ಮೇಲೆ ಹತ್ತಿ ನೋಡಿದಾಗ ಗೆರೆ ತಪ್ಪಿದ್ದರೆ ಆ ನಟ್ ಸಡಿಲಾಗಿದೆ ಅಂತಲೇ ಲೆಕ್ಕ.